ಒಂದೇ ನೆಲ: ಬರವೂ ಅಲ್ಲೇ, ನೆರೆಯೂ ಅಲ್ಲೇ

2020ರ ಕೊನೆಯಿಂದ 2023ರ ಆರಂಭದವರೆಗೆ ಸೊಮಾಲಿಯಾ, ಇಥಿಯೋಪಿಯಾ, ಕೀನ್ಯಾದ ಒಣ ಸೀಮೆಗಳಲ್ಲಿ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ದನಕರುಗಳು ಲಕ್ಷಗಟ್ಟಲೆ ಸತ್ತವು. 2023ರಲ್ಲಿ ಕೊನೆಗೂ ಮಳೆ ಬಂತು, ಆದರೆ ಬಂದ ಮಳೆ ನೆಮ್ಮದಿ ತರಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಅದೇ ಸೀಮೆಯ ಊರುಗಳು ನೆರೆಯಲ್ಲಿ ಮುಳುಗಿದ್ದವು. ಸ್ಪೇನಿನಲ್ಲೂ ಹೆಚ್ಚುಕಡಿಮೆ ಇದೇ ಆಯಿತು. 2024ರ ಫೆಬ್ರವರಿಯಲ್ಲಿ ಕ್ಯಾಟಲೋನಿಯಾ ಬರದ ತುರ್ತುಸ್ಥಿತಿ ಘೋಷಿಸಿತು. ಅಕ್ಟೋಬರ್ 29ರಂದು ಅದರ ಪಕ್ಕದ ವಲೆನ್ಸಿಯಾದಲ್ಲಿ ಮಳೆ ಹೇಗೆ ಸುರಿಯಿತೆಂದರೆ, ಚಿವಾ ಎಂಬ ಊರಿನಲ್ಲಿ ಎಂಟೇ ಗಂಟೆಗಳಲ್ಲಿ 491 ಮಿ.ಮೀ. ದಾಖಲಾಯಿತು. ಸತ್ತವರು 220ಕ್ಕೂ ಹೆಚ್ಚು.

ಹವಾಮಾನ ಕೆಟ್ಟಿದೆ ಅನ್ನುವುದು ಇದಕ್ಕೆ ತಟ್ಟನೆ ಬರುವ ಉತ್ತರ. ಅದು ಸುಳ್ಳೇನಲ್ಲ. ಗಾಳಿಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರಲ್ಲಿ ಸುಮಾರು 7 ಪ್ರತಿಶತ ಜಾಸ್ತಿ ಆವಿ ಹಿಡಿಯುತ್ತದೆ. ಹಾಗಾಗಿ ಬಿಸಿ ಗಾಳಿ ಮಳೆಯಿಲ್ಲದ ದಿನಗಳಲ್ಲಿ ನೆಲದ ತೇವವನ್ನು ಜೋರಾಗಿ ಹೀರುತ್ತದೆ, ಸುರಿಸುವ ದಿನ ಬಂದಾಗ ಒಮ್ಮೆಗೇ ಸುರಿಸುತ್ತದೆ. ಬರ ಮತ್ತು ನೆರೆ ಎರಡೂ ಬಿಗಡಾಯಿಸಲು ಮೇಲಿನ ಕಾರಣ ಇದು.

ಕೆಳಗಿನ ಕಾರಣವೂ ಒಂದಿದೆ. ಅದರ ಬಗ್ಗೆ ಮಾತು ಕಡಿಮೆ. ಎಷ್ಟು ಮಳೆ ಬರುತ್ತದೆ ಎನ್ನುವುದು ಆಕಾಶದ ಲೆಕ್ಕ. ಬಂದ ಮಳೆ ಹೊಳೆಗೆ ಓಡುತ್ತದೋ, ಬೇರಿಗೆ ಸಿಗುತ್ತದೋ, ಅಂತರ್ಜಲಕ್ಕೆ ಇಳಿಯುತ್ತದೋ ಎನ್ನುವುದು ಬಹುಪಾಲು ನೆಲದ ಮೇಲಿನ ಒಂದೆರಡು ಅಡಿ ಮಣ್ಣಿನ ಲೆಕ್ಕ. ಭೂಗೋಳದ ಪಾಠಗಳಲ್ಲಿ ನೀರಿಗೆ ಒಂದು ಅಧ್ಯಾಯ, ಮಣ್ಣಿಗೆ ಒಂದು, ಕಾಡು ಮತ್ತು ಜೀವಿಗಳಿಗೆ ಇನ್ನೊಂದು. ಪರೀಕ್ಷೆಗೆ ಅನುಕೂಲ, ನಿಜ. ಆದರೆ ಬರ ಮತ್ತು ನೆರೆ ಒಂದೇ ನೆಲದಲ್ಲಿ ಬೆನ್ನುಬೆನ್ನಿಗೆ ಯಾಕೆ ಬರುತ್ತವೆ ಎಂದು ತಿಳಿಯಬೇಕಾದರೆ ಈ ಮೂರನ್ನೂ ಒಟ್ಟಿಗೇ ಓದಬೇಕು.

ಕಾಣದ ನೀರಿನ ಲೆಕ್ಕ

ಭೂಮಿಯ ಮೇಲಿನ ನೀರಿನಲ್ಲಿ ಸುಮಾರು 97 ಪ್ರತಿಶತ ಉಪ್ಪುನೀರು ಎನ್ನುವುದು ಎಲ್ಲರಿಗೂ ಗೊತ್ತು. ಸಿಹಿನೀರಿನಲ್ಲೂ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹಿಮವಾಗಿ ಕೂತಿದೆ, ಉಳಿದದ್ದರಲ್ಲಿ ಬಹುತೇಕ ನೆಲದಡಿಯ ನೀರು. ನದಿ, ಕೆರೆ, ಸರೋವರ ಎಲ್ಲ ಸೇರಿದರೂ ಸಿಹಿನೀರಿನ ಅರ್ಧ ಪ್ರತಿಶತ ಆಗುವುದಿಲ್ಲ. ಮಣ್ಣಿನ ತೇವ ಇನ್ನೂ ಚಿಕ್ಕ ಅಂಕಿ, ಸುಮಾರು 0.05 ಪ್ರತಿಶತ. ಈ ಅಂಕಿ ನೋಡಿದವರು ಮಣ್ಣಿನ ತೇವವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಾರೆ. ತಪ್ಪುವುದು ಅಲ್ಲೇ.

ಒಂದು ಹೊತ್ತಿನಲ್ಲಿ ಎಷ್ಟು ನೀರು ಇದೆ ಎನ್ನುವುದಕ್ಕಿಂತ ವರ್ಷದಲ್ಲಿ ಎಷ್ಟು ನೀರು ಹಾದುಹೋಗುತ್ತದೆ ಎನ್ನುವುದು ಇಲ್ಲಿ ಮುಖ್ಯ. ವಾತಾವರಣದಲ್ಲಿರುವ ಆವಿ ಸರಾಸರಿ ಒಂಬತ್ತು ದಿನಕ್ಕೊಮ್ಮೆ ಬದಲಾಗುತ್ತದೆ. ಮಣ್ಣಿನ ತೇವ ಕೆಲವು ವಾರಗಳಿಂದ ಒಂದೆರಡು ತಿಂಗಳವರೆಗೆ ನಿಲ್ಲುತ್ತದೆ, ಮತ್ತೆ ಹೊಸದು ಬರುತ್ತದೆ. ಹೀಗೆ ತಿರುಗಿ ತಿರುಗಿ ಬರುವುದರಿಂದ ಚಿಕ್ಕ ದಾಸ್ತಾನೂ ದೊಡ್ಡ ವಹಿವಾಟು ನಡೆಸುತ್ತದೆ. ಭೂಖಂಡಗಳ ಮೇಲೆ ವರ್ಷಕ್ಕೆ ಸುಮಾರು 1,10,000 ಘನ ಕಿಲೋಮೀಟರ್ ಮಳೆ ಮತ್ತು ಹಿಮ ಬೀಳುತ್ತದೆ. ಅದರಲ್ಲಿ ಸುಮಾರು 60 ಪ್ರತಿಶತ ಮಣ್ಣಿನಿಂದ, ಎಲೆಗಳಿಂದ ಆವಿಯಾಗಿ ವಾಪಸ್ ಮೇಲೆ ಹೋಗುತ್ತದೆ. ನದಿ ಮತ್ತು ಅಂತರ್ಜಲದ ದಾರಿ ಹಿಡಿದು ಸಮುದ್ರ ಸೇರುವುದು ಉಳಿದ 40 ಪ್ರತಿಶತ ಮಾತ್ರ.

ಅಣೆಕಟ್ಟು, ಕಾಲುವೆ, ನದಿ ಜೋಡಣೆ, ರಾಜ್ಯ ರಾಜ್ಯಗಳ ಜಗಳ, ದೇಶ ದೇಶಗಳ ಒಪ್ಪಂದ, ಎಲ್ಲವೂ ಈ 40 ಪ್ರತಿಶತದ ಮೇಲೆ. 60 ಪ್ರತಿಶತದ ಬಗ್ಗೆ ಯಾರೂ ಜಗಳವಾಡುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್ 1990ರ ದಶಕದಲ್ಲಿ ಇದನ್ನೇ ಎತ್ತಿ ಹಿಡಿದರು. ನದಿ, ಕೆರೆ, ಅಂತರ್ಜಲದಲ್ಲಿರುವುದನ್ನು ನೀಲಿ ನೀರು ಎಂದೂ, ಮಣ್ಣಿನಲ್ಲಿ ನಿಂತು ಗಿಡದ ಮೂಲಕ ಮೇಲೇರುವುದನ್ನು ಹಸಿರು ನೀರು ಎಂದೂ ಬೇರೆ ಮಾಡಿ ತೋರಿಸಿದರು. ಪ್ರಪಂಚದ ಸಾಗುವಳಿ ಭೂಮಿಯಲ್ಲಿ ಸುಮಾರು 80 ಪ್ರತಿಶತ ಮಳೆಯಾಶ್ರಿತ. ಅಂದರೆ ಅದು ನಿಂತಿರುವುದು ಹಸಿರು ನೀರಿನ ಮೇಲೆ. ಕಾಡುಗಳೂ ಹುಲ್ಲುಗಾವಲುಗಳೂ ಅಷ್ಟೇ. ಆದರೂ ಸರ್ಕಾರಗಳ ನೀರಿನ ಇಲಾಖೆಗಳು ನೋಡಿಕೊಳ್ಳುವುದು ನೀಲಿ ನೀರನ್ನು ಮಾತ್ರ. ಹಸಿರು ನೀರಿಗೆ ಹೆಚ್ಚಿನ ಕಡೆ ಕೇಳುವವರೇ ಇಲ್ಲ.

ಮಣ್ಣಿನೊಳಗೆ ಅರ್ಧ ಖಾಲಿ

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಖನಿಜದ ಪಾಲು ಸುಮಾರು 45 ಪ್ರತಿಶತ. ಸತ್ತ ಎಲೆ, ಬೇರು, ಜೀವಿಗಳಿಂದ ಬಂದ ಸಾವಯವ ಅಂಶ ಹೆಚ್ಚೆಂದರೆ 5 ಪ್ರತಿಶತ. ಉಳಿದರ್ಧ ಬರೀ ಸಂದು. ಮಳೆ ಬಂದಾಗ ಆ ಸಂದುಗಳಲ್ಲಿ ನೀರು, ಬತ್ತಿದಾಗ ಗಾಳಿ. ಮಣ್ಣಿನ ಯೋಗ್ಯತೆ ಇರುವುದು ಈ ಖಾಲಿ ಜಾಗದಲ್ಲಿ.

ಸಂದುಗಳಲ್ಲಿ ಎರಡು ಬಗೆ. ದೊಡ್ಡವು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಕೆಳಕ್ಕೆ ಇಳಿಸುತ್ತವೆ. ಸಣ್ಣವು ಹಿಡಿದು ಇಟ್ಟುಕೊಳ್ಳುತ್ತವೆ. ಮರಳಿನ ಕಣ 2 ಮಿ.ಮೀ.ವರೆಗೂ ದಪ್ಪ ಇರುತ್ತದೆ. ಆದ್ದರಿಂದ ಸಂದುಗಳೂ ದೊಡ್ಡವು, ನೀರು ಸರ್ರನೆ ಇಳಿದು ಹೋಗುತ್ತದೆ. ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು. ಜೇಡಿಮಣ್ಣು ಸಿಕ್ಕಾಪಟ್ಟೆ ನೀರು ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಗಿಡ ಬಾಡುವ ಹಂತಕ್ಕೆ ಬಂದಾಗಲೂ ಜೇಡಿಯಲ್ಲಿ ನೀರು ಇರುತ್ತದೆ, ಬೇರಿಗೆ ಎಳೆದುಕೊಳ್ಳುವ ಶಕ್ತಿ ಸಾಲದು ಅಷ್ಟೇ. ಮರಳು, ಜೇಡಿ ಮತ್ತು ನಡುವಿನ ನಯವಾದ ಕಣಗಳು ಹದವಾಗಿ ಬೆರೆತ ಮಣ್ಣು ಇದ್ದರೆ, ಒಂದು ಮೀಟರ್ ಆಳದಲ್ಲಿ ಸುಮಾರು 150ರಿಂದ 200 ಮಿ.ಮೀ. ಮಳೆಯಷ್ಟು ನೀರು ಗಿಡಕ್ಕೆ ಸಿಗುವ ಹಾಗೆ ನಿಲ್ಲುತ್ತದೆ. ಬರೀ ಮರಳಾದರೆ ಅದರ ಅರ್ಧವೂ ಕಷ್ಟ.

ಮರಳು, ಜೇಡಿಗಳ ಪಾಲನ್ನು ಯಾರೂ ಬದಲಾಯಿಸಲು ಆಗುವುದಿಲ್ಲ. ಅದು ಬಂಡೆಯಿಂದ ಬಂದದ್ದು. ಬದಲಾಗುವುದು ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ರೀತಿ. ಇದನ್ನು ಕಣ್ಣಾರೆ ನೋಡಬಹುದು. ವರ್ಷಗಟ್ಟಲೆ ಉಳುತ್ತಾ ಬಂದ ಬರಿನೆಲದಿಂದ ಒಂದು ಹೆಂಟೆ, ಬಹುಕಾಲದಿಂದ ಹುಲ್ಲು ಬೆಳೆದಿರುವ ಪಕ್ಕದ ಬದುವಿನಿಂದ ಒಂದು ಹೆಂಟೆ ತೆಗೆದುಕೊಳ್ಳಿ. ಎರಡೂ ಒಂದೇ ಗಾತ್ರ, ಎರಡೂ ಚೆನ್ನಾಗಿ ಒಣಗಿರಲಿ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಬಾಯಿಗೆ ತಂತಿಬಲೆ ಸಿಕ್ಕಿಸಿ, ಹೆಂಟೆಗಳು ಮುಳುಗುವ ಹಾಗೆ ಅದರ ಮೇಲೆ ಇಡಿ. ಉತ್ತ ನೆಲದ ಹೆಂಟೆಯಿಂದ ಮೊದಲು ಗುಳ್ಳೆಗಳು ಏಳುತ್ತವೆ. ಆಮೇಲೆ ಅಂಚು ಕಳಚುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಪುಡಿಯಾಗಿ ತಳ ಸೇರಿ ನೀರೆಲ್ಲ ರಾಡಿಯಾಗುತ್ತದೆ. ಹುಲ್ಲಿನಡಿಯ ಹೆಂಟೆ ಸಾಮಾನ್ಯವಾಗಿ ಹಾಗೇ ನಿಂತಿರುತ್ತದೆ, ನೀರೂ ತಿಳಿಯಾಗಿರುತ್ತದೆ.

ಒಣ ಹೆಂಟೆಯೊಳಕ್ಕೆ ನೀರು ನುಗ್ಗಿದಾಗ ಸಂದುಗಳಲ್ಲಿದ್ದ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಒತ್ತಡ ಹೆಚ್ಚಿ ಹೆಂಟೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಹುಲ್ಲಿನಡಿಯ ಮಣ್ಣಿನಲ್ಲಿ ಕೂದಲಿಗಿಂತ ಸಣ್ಣ ಬೇರುಗಳು, ಶಿಲೀಂಧ್ರದ ಎಳೆಗಳು ಕಣಗಳನ್ನು ಹೆಣೆದಿರುತ್ತವೆ. ಸೂಕ್ಷ್ಮಜೀವಿಗಳು ಬಿಟ್ಟ ಅಂಟು ಅವುಗಳನ್ನು ಕಚ್ಚಿಕೊಳ್ಳುವಂತೆ ಮಾಡಿರುತ್ತದೆ. ಗಾಳಿಯ ಒತ್ತಡವನ್ನು ಆ ಹೆಣಿಗೆ ತಡೆಯುತ್ತದೆ.

ಲೋಟದಲ್ಲಿ ಆದದ್ದೇ ಹೊಲದಲ್ಲೂ ಆಗುತ್ತದೆ. ದಪ್ಪ ಮಳೆಹನಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 30 ಕಿ.ಮೀ. ಬರಿನೆಲಕ್ಕೆ ಆ ಏಟು ನೇರವಾಗಿ ಬೀಳುತ್ತದೆ. ಹೆಂಟೆ ಒಡೆದು ಬಿಡಿಯಾದ ನಯ ಕಣಗಳು ನೀರಿನ ಜೊತೆ ಸಂದುಗಳಿಗೆ ಇಳಿದು ಬಾಯಿ ಮುಚ್ಚುತ್ತವೆ. ಬಿಸಿಲು ಬಂದ ಮೇಲೆ ಮೇಲ್ಮೈ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಕೆಳಗೆ ಒಂದಡಿ ಮಣ್ಣು ಒಣಗಿ ಕಾಯುತ್ತಿದ್ದರೂ ಮುಂದಿನ ಮಳೆ ಆ ಕೆಲವೇ ಮಿಲಿಮೀಟರ್ ದಪ್ಪದ ಪದರದ ಮೇಲೆ ಜಾರಿ ಓಡುತ್ತದೆ. ಕೆಳಗಿನ ಊರಿಗೆ ನೆರೆ, ಮೇಲಿನ ಹೊಲಕ್ಕೆ ಬರ, ಎರಡೂ ಒಂದೇ ಮಧ್ಯಾಹ್ನದ ಮಳೆಯಿಂದ.

ನೀರು ಹೀಗೆ ಇಂಗದೆ ಹರಿಯುವುದನ್ನು ಅಮೆರಿಕದ ರಾಬರ್ಟ್ ಹಾರ್ಟನ್ 1933ರಲ್ಲಿ ವಿವರಿಸಿದರು. ಇಂಗುವ ವೇಗಕ್ಕಿಂತ ಬೀಳುವ ವೇಗ ಜಾಸ್ತಿಯಾದರೆ ಉಳಿದದ್ದು ಹರಿಯುತ್ತದೆ ಎಂಬುದು ಅವರ ವಾದದ ತಿರುಳು. ಬಹಳ ವರ್ಷ ನೆರೆಗೆಲ್ಲ ಇದೊಂದೇ ಕಾರಣ ಎಂದು ನಂಬಿದ್ದರು. 1970ರ ಹೊತ್ತಿಗೆ ಥಾಮಸ್ ಡನ್ ಮತ್ತು ಜೊತೆಗಾರರು ವರ್ಮಾಂಟ್‌ನಲ್ಲಿ ಅಳತೆ ಮಾಡಿ ಇನ್ನೊಂದು ಬಗೆಯನ್ನು ತೋರಿಸಿದರು. ಅಲ್ಲಿ ಮಣ್ಣು ಚೆನ್ನಾಗಿಯೇ ಹೀರುತ್ತದೆ, ಆದರೆ ತಗ್ಗಿನಲ್ಲಿ ಸಂದುಗಳೆಲ್ಲ ಮೊದಲೇ ತುಂಬಿರುತ್ತವೆ, ಹೊಸ ನೀರಿಗೆ ಜಾಗವಿಲ್ಲ. ಈ ಎರಡರ ಭೇದ ಬರೀ ಪಂಡಿತರ ವಿಷಯ ಅಲ್ಲ. ಮೊದಲನೆಯ ಬಗೆಯ ನೆರೆಗೆ ಮಣ್ಣನ್ನು ಸುಧಾರಿಸುವುದೇ ಮದ್ದು. ಎರಡನೆಯದಕ್ಕೆ ಅದರಿಂದ ಅಷ್ಟಾಗಿ ಪ್ರಯೋಜನ ಇಲ್ಲ, ನೀರಿಗೆ ಹರಡಿಕೊಳ್ಳಲು ಬೇರೆ ಜಾಗ ಬೇಕು. ನೆರೆ ಬಂದ ಮಾರನೆ ದಿನ ಟಿವಿಯಲ್ಲಿ ಕೂತು ಪರಿಹಾರ ಹೇಳುವವರು ಇದು ಯಾವ ಬಗೆಯದು ಎಂದು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಸಂದು ಕೊರೆಯುವವರು

ದೊಡ್ಡ ಸಂದುಗಳು ತಾವಾಗಿಯೇ ಹುಟ್ಟುವುದಿಲ್ಲ. ಸತ್ತ ಬೇರು ಕೊಳೆತು ಬಿಟ್ಟುಹೋದ ಕೊಳವೆ, ಎರೆಹುಳು ಕೊರೆದ ದಾರಿ, ಇರುವೆ ಮತ್ತು ಗೆದ್ದಲಿನ ಸುರಂಗ, ಇವೇ ನೀರು ಇಳಿಯುವ ಹಾದಿಗಳು. ಚಾರ್ಲ್ಸ್ ಡಾರ್ವಿನ್ ಬದುಕಿನ ಕೊನೆಯ ವರ್ಷಗಳನ್ನು ಎರೆಹುಳುವಿಗೆ ಮೀಸಲಿಟ್ಟರು. ಇಂಗ್ಲೆಂಡಿನ ಹಲವು ಕಡೆ ವರ್ಷಕ್ಕೆ ಎಕರೆಗೆ ಹತ್ತು ಟನ್ನಿಗಿಂತ ಜಾಸ್ತಿ ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು 1881ರಲ್ಲಿ ಲೆಕ್ಕ ಕೊಟ್ಟರು. ನೂರು ವರ್ಷ ಕಳೆದರೂ ನೀರಾವರಿ ಎಂಜಿನಿಯರಿಂಗಿನಲ್ಲಿ ಹುಳುವಿಗೆ ಜಾಗ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಹುಳುವಿನ ಕೆಲಸವನ್ನು ಸಾಗುವಳಿಗೆ ಬಳಸಿಕೊಂಡವರು ಬುರ್ಕಿನಾ ಫಾಸೊದ ರೈತರು. ಅಲ್ಲಿನ ಯಾತೆಂಗಾ ಸೀಮೆಯಲ್ಲಿ 1970–80ರ ಬರಗಳಲ್ಲಿ ನೆಲ ಎಷ್ಟು ಬಿಗಿದಿತ್ತೆಂದರೆ ಬಿದ್ದ ಮಳೆ ನಿಲ್ಲುತ್ತಲೇ ಇರಲಿಲ್ಲ. ಯಾಕೂಬಾ ಸವಡೊಗೊ ಎಂಬ ರೈತ 1980ರ ಸುಮಾರಿಗೆ ಹಳೆಯ ಜಾಯ್ ಪದ್ಧತಿಯನ್ನು ತಿದ್ದಿ ಬಳಸತೊಡಗಿದರು. ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗೇಣಗಲದ ಸಾಲು ಸಾಲು ಗುಣಿ ತೋಡಿ, ಒಳಗೆ ಗೊಬ್ಬರ, ಕಸಕಡ್ಡಿ ಹಾಕುವುದು. ಆ ಕಸ ತಿನ್ನಲು ಗೆದ್ದಲು ಬರುತ್ತದೆ. ಬಂದದ್ದು ಗುಣಿಯ ತಳದಿಂದ ಕೆಳಕ್ಕೆ ಸುರಂಗ ಕೊರೆಯುತ್ತದೆ. ಮೊದಲ ಮಳೆ ಬಂದಾಗ ನೀರು ಗುಣಿಯಲ್ಲಿ ನಿಂತು ಆ ಸುರಂಗಗಳಲ್ಲಿ ಇಳಿಯುತ್ತದೆ. ಪದ್ಧತಿ ಊರಿಂದ ಊರಿಗೆ ಹರಡಿತು. ಸವಡೊಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಬೆಳೆಯ ಶತ್ರು ಎಂದು ಹೆಸರಾದ ಗೆದ್ದಲಿನಿಂದಲೇ ನೆಲ ಕೊರೆಸಿದ್ದು ನನಗೆ ಈ ಇಡೀ ವಿಷಯದಲ್ಲಿ ಅತಿ ಜಾಣತನದ ಕೆಲಸ ಅನಿಸುತ್ತದೆ.

ಸಂದುಗಳನ್ನು ಕಟ್ಟಲು ದಶಕಗಳು ಬೇಕು, ಕೆಡಿಸಲು ಒಂದು ದಿನ ಸಾಕು. 2022ರಲ್ಲಿ ಥಾಮಸ್ ಕೆಲ್ಲರ್ ಮತ್ತು ಡಾನಿ ಓರ್ ಪ್ರಕಟಿಸಿದ ಅಧ್ಯಯನವೊಂದು ಕೊಯ್ಲು ಯಂತ್ರಗಳ ತೂಕವನ್ನು ಲೆಕ್ಕ ಹಾಕಿತು. 1958ರಲ್ಲಿ ತುಂಬಿದ ಯಂತ್ರ ಸುಮಾರು 4 ಟನ್ ಇದ್ದದ್ದು 2020ರ ಹೊತ್ತಿಗೆ ಸುಮಾರು 36 ಟನ್ ಆಗಿತ್ತು. ಭೂಮಿಯ ಮೇಲೆ ನಡೆದಾಡಿದ ಅತಿ ಭಾರದ ಡೈನೋಸಾರ್‌ಗಳ ಸಾಲಿಗೆ ಈ ಯಂತ್ರಗಳು ಬಂದು ನಿಂತಿವೆ ಎಂದು ಅವರು ಬರೆದರು. ಟಯರ್ ಅಗಲ ಮಾಡಿದ್ದರಿಂದ ಮೇಲ್ಮಣ್ಣಿನ ಮೇಲಿನ ಒತ್ತಡ ಅಷ್ಟು ಏರಲಿಲ್ಲ. ಏರಿದ್ದು ಉಳುಮೆಯ ನೇಗಿಲು ಮುಟ್ಟದ ಒಳಪದರದಲ್ಲಿ. ಅಲ್ಲಿ ಬಿಗಿದ ಮಣ್ಣು ಸಡಿಲವಾಗುವುದಕ್ಕೆ ಎಷ್ಟೋ ವರ್ಷ, ಕೆಲವೊಮ್ಮೆ ದಶಕಗಳೇ ಹಿಡಿಯುತ್ತವೆ.

ಹುಲ್ಲುಗಾವಲನ್ನು ಉತ್ತು ಬರಿದು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ 1930ರ ದಶಕದ ಅಮೆರಿಕದ ಬಯಲುಸೀಮೆ ದೊಡ್ಡ ಸಾಕ್ಷಿ. ಎರಡು ಮೀಟರಿಗೂ ಆಳಕ್ಕೆ ಬೇರಿಳಿಸುವ ಹುಲ್ಲುಗಳನ್ನು ಕಿತ್ತು ಗೋಧಿ ಬಿತ್ತಿದ್ದರು. ಬರ ಬಂತು, ಬೆಳೆ ಒಣಗಿತು, ಬರಿನೆಲ ಗಾಳಿಗೆ ಸಿಕ್ಕಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಎರಡು ವಾರ ಕಳೆಯುವುದರೊಳಗೆ ಅಲ್ಲಿನ ಸಂಸತ್ತು ಮಣ್ಣಿನ ಸಂರಕ್ಷಣೆಗೆ ಕಾಯ್ದೆ ಮಾಡಿತು. ಧೂಳು ರಾಜಧಾನಿಯವರೆಗೂ ಹಾರಿ ಬಂದದ್ದರಿಂದ ಅಷ್ಟು ಬೇಗ ಕೆಲಸ ಆಯಿತು ಎಂದು ಅನೇಕರು ಹೇಳುತ್ತಾರೆ. ಇರಬಹುದು.

ನೀರು ಜಾಸ್ತಿ ಕೊಟ್ಟು ಮಣ್ಣು ಕೆಡಿಸಿದ ಕಥೆಗಳೂ ಇವೆ. ಒಣ ಸೀಮೆಯಲ್ಲಿ ಬಸಿಗಾಲುವೆ ಇಲ್ಲದೆ ನೀರು ಹಾಯಿಸುತ್ತಾ ಹೋದರೆ ಅಡಿಯ ನೀರು ಮೇಲೇರಿ, ಆವಿಯಾಗಿ, ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಹತ್ತಿಗೆ ತಿರುಗಿಸಿದ ಮಧ್ಯ ಏಷ್ಯಾದಲ್ಲಿ ಹೊಲ ಚೌಳಾಯಿತು. ಆ ನದಿಗಳೇ ತುಂಬಿಸುತ್ತಿದ್ದ, 1960ರಲ್ಲಿ ಸುಮಾರು 68,000 ಚದರ ಕಿ.ಮೀ. ಇದ್ದ ಅರಲ್ ಸಮುದ್ರ 2007ರ ಹೊತ್ತಿಗೆ ಹತ್ತರಲ್ಲೊಂದು ಪಾಲಾಯಿತು.

ಮರ ನೆಟ್ಟರೆ ನೀರು ಬರುತ್ತದೆಯೇ?

ಇಲ್ಲಿಗೆ ಬಂದ ಮೇಲೆ ಹೆಚ್ಚಿನವರು ಹೇಳುವ ಪರಿಹಾರ ಒಂದೇ, ಮರ ನೆಡಿ. ಮರ ನೆಡುವುದು ಒಳ್ಳೆಯದೇ ಅಲ್ವಾ ಎಂದು ಕೇಳಿದರೆ, ಎಲ್ಲಿ ಮತ್ತು ಯಾವ ಮರ ಎಂದು ತಿರುಗಿ ಕೇಳಬೇಕಾಗುತ್ತದೆ.

ಮರ ನೀರು ಕುಡಿಯುತ್ತದೆ. 1982ರಲ್ಲಿ ಬಾಷ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು ಬೇರೆ ಬೇರೆ ದೇಶಗಳ 94 ಜಲಾನಯನ ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಮರ ಕಡಿದ ಕಡೆ ಹೊಳೆಯಲ್ಲಿ ವರ್ಷದ ಹರಿವು ಹೆಚ್ಚಿತ್ತು, ಮರ ಬೆಳೆಸಿದ ಕಡೆ ತಗ್ಗಿತ್ತು. ದಕ್ಷಿಣ ಆಫ್ರಿಕಾ 1995ರಿಂದ ನೀರು ಉಳಿಸುವುದಕ್ಕಾಗಿಯೇ ಹೊರಗಿನಿಂದ ಬಂದ ಮರಗಳನ್ನು ಕಡಿಸುವ ಸರ್ಕಾರಿ ಕಾರ್ಯಕ್ರಮ ನಡೆಸುತ್ತಿದೆ. ಇದನ್ನು ಓದಿ ಕಾಡೇ ಬೇಡ ಎನ್ನುವವರೂ ಇದ್ದಾರೆ. ಅದೂ ಅರ್ಧ ಸತ್ಯವೇ. ವರ್ಷದ ಒಟ್ಟು ಹರಿವು ಒಂದು ಲೆಕ್ಕ, ಬೇಸಿಗೆಯಲ್ಲಿ ಹೊಳೆಯಲ್ಲಿ ನೀರು ಇರುವುದು ಇನ್ನೊಂದು. ಕಾಡಿನ ಮಣ್ಣಿನಲ್ಲಿ ನೀರು ಇಂಗುತ್ತದೆ, ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಕಡಿದ ಜಾಗದಲ್ಲಿ ಮಣ್ಣು ಬಿಗಿದರೆ, ಹೆಚ್ಚಿದ ನೀರೆಲ್ಲ ಮಳೆ ಬಂದ ದಿನವೇ ಓಡಿ ಮುಗಿಯುತ್ತದೆ.

ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಈ ಎರಡೂ ಮುಖಗಳು ಒಟ್ಟಿಗೆ ಕಾಣುತ್ತವೆ. ಗಾಳಿ ತಂದು ಹಾಕಿದ ಮೆತ್ತನೆ ಮಣ್ಣಿನ ಆ ಸೀಮೆಯಿಂದ ಕೊಚ್ಚಿ ಬಂದದ್ದೇ ಹಳದಿ ನದಿಗೆ ಬಣ್ಣವನ್ನೂ ಹೆಸರನ್ನೂ ಕೊಟ್ಟಿತು. ಕಳೆದ ಶತಮಾನದ ನಡುವಿನಲ್ಲಿ ನದಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು ಹೊರುತ್ತಿತ್ತು. 1994ರಿಂದ 2005ರವರೆಗೆ ವಿಶ್ವಬ್ಯಾಂಕ್ ನೆರವಿನಲ್ಲಿ, 1999ರಿಂದ ಚೀನಾದ್ದೇ ದೊಡ್ಡ ಯೋಜನೆಯಲ್ಲಿ, ಇಳಿಜಾರಿನ ಹೊಲಗಳನ್ನು ಮೆಟ್ಟಿಲು ಮಾಡಿದರು, ಮೇಯಿಸುವುದನ್ನು ತಡೆದರು, ಗಿಡ ಹುಲ್ಲು ಬೆಳೆಸಿದರು. ಬೆಟ್ಟಗಳು ಹಸಿರಾದವು. ಹೂಳು ಹಿಂದಿನ ಒಂದು ಸಣ್ಣ ಪಾಲಿಗೆ ಇಳಿಯಿತು, ಅದರಲ್ಲಿ ಅಣೆಕಟ್ಟುಗಳ ಪಾತ್ರವೂ ಇದೆ. ಈ ಯಶಸ್ಸಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. 2016ರ ಅಧ್ಯಯನವೊಂದರ ಎಚ್ಚರಿಕೆಯನ್ನು ಮಾತ್ರ ಕೆಲವರೇ ಹೇಳುತ್ತಾರೆ: ಅಲ್ಲಿನ ಮಳೆ ಎಷ್ಟು ಹಸಿರನ್ನು ತಾಳಬಲ್ಲದೋ ಆ ಮಿತಿ ಹತ್ತಿರ ಬಂದಿದೆ, ಇನ್ನೂ ನೆಟ್ಟರೆ ಜನರ ಬಳಕೆಯ ನೀರಿಗೇ ಕೊರತೆ ಬೀಳುತ್ತದೆ.

ಅಮೆಜಾನ್ ಬೇರೆಯೇ. ಅಲ್ಲಿ ಮರ ಕುಡಿದ ನೀರು ಮತ್ತೆ ಮಳೆಯಾಗಿ ಅದೇ ಕಾಡಿನ ಮೇಲೆ ಬೀಳುತ್ತದೆ. ಬ್ರೆಜಿಲ್‌ನ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನ ಆಮ್ಲಜನಕದ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು) ಅಳೆದು ಇದನ್ನು ಕಂಡುಕೊಂಡರು. ಅಲ್ಲಿನ ಮಳೆಯ ಮೂರರಲ್ಲೊಂದರಿಂದ ಅರ್ಧದವರೆಗೆ ಹೀಗೆ ಕಾಡೇ ತಿರುಗಿಸಿ ಕೊಟ್ಟದ್ದು. ವಿಚಿತ್ರ ಅಂದರೆ, ಅಷ್ಟು ದಟ್ಟ ಕಾಡಿನ ಕೆಳಗಿನ ಮಣ್ಣು ಬಹುತೇಕ ಕಡೆ ಬಡಕಲು. ಲಕ್ಷಾಂತರ ವರ್ಷಗಳ ಮಳೆ ಸಾರವನ್ನೆಲ್ಲ ತೊಳೆದುಬಿಟ್ಟಿದೆ. ಇರುವ ಪೋಷಕಾಂಶ ಮರಗಳಲ್ಲೇ ಇದೆ, ಬಿದ್ದ ಎಲೆ ಕೊಳೆಯುತ್ತಿದ್ದಂತೆ ಬೇರುಗಳು ಅದನ್ನು ಎಳೆದುಕೊಳ್ಳುತ್ತವೆ. ಸೋರಿಹೋದ ರಂಜಕದ ಒಂದಂಶ ತುಂಬುವುದು ಅಟ್ಲಾಂಟಿಕ್ ದಾಟಿ ಬರುವ ಸಹಾರಾದ ಧೂಳು. ನಾಸಾ ಉಪಗ್ರಹದ ಮಾಹಿತಿಯ ಮೇಲೆ 2015ರಲ್ಲಿ ಮಾಡಿದ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಹೀಗೆ ಬಂದು ಬೀಳುತ್ತದೆ. ಆ ಕಾಡು ಕಡಿದು ಹೊಲ ಮಾಡಿದವರಿಗೆ ಕೆಲವೇ ವರ್ಷಗಳಲ್ಲಿ ಬೆಳೆ ಯಾಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಅಂತರ್ಜಾಲದಲ್ಲಿ ಮಣ್ಣಿನ ಬಗ್ಗೆ ಓಡಾಡುವ ಇನ್ನೆರಡು ಮಾತುಗಳನ್ನೂ ನೋಡಿಬಿಡಬೇಕು. ಭೂಮಿಯಲ್ಲಿ ಇನ್ನು 60 ಬೆಳೆಗಷ್ಟೇ ಮಣ್ಣು ಉಳಿದಿದೆ ಎನ್ನುವುದು ಒಂದು. ಇದಕ್ಕೆ ಗಟ್ಟಿಯಾದ ಸಂಶೋಧನೆಯ ಆಧಾರವೇ ಇಲ್ಲ. ಮಣ್ಣಿನ ಸವೆತ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಅಪಾಯ ಹತ್ತಿರದಲ್ಲೇ ಇದೆ, ಕೆಲವು ಕಡೆ ಮಣ್ಣು ಕೂಡುತ್ತಲೂ ಇದೆ. ಪ್ರಪಂಚದ ಮಣ್ಣಿನಲ್ಲಿ ಮೂರರಲ್ಲೊಂದು ಪಾಲು ಸಾಧಾರಣದಿಂದ ತೀವ್ರ ಮಟ್ಟಕ್ಕೆ ಹದಗೆಟ್ಟಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಹೇಳಿತ್ತು. ಹೆದರಲು ಅಷ್ಟು ಸಾಕು, ಸುಮ್ನೆ ಗಡುವು ಕಟ್ಟುವುದು ಬೇಡ.

ಇನ್ನೊಂದು, ಸಾವಯವ ಅಂಶ ಒಂದು ಪ್ರತಿಶತ ಹೆಚ್ಚಿಸಿದರೆ ಎಕರೆಗೆ ಹತ್ತಾರು ಸಾವಿರ ಲೀಟರ್ ನೀರು ಹೆಚ್ಚುವರಿ ನಿಲ್ಲುತ್ತದೆ ಎಂಬ ಭರವಸೆ. ಮಿನಾಸ್ನಿ ಮತ್ತು ಮ್ಯಾಕ್‌ಬ್ರಾಟ್ನಿ 2018ರಲ್ಲಿ ಪ್ರಪಂಚದಾದ್ಯಂತದ ಸಾವಿರಾರು ಅಳತೆಗಳನ್ನು ಕೂಡಿಸಿ ನೋಡಿದರು. ಸಾವಯವ ಇಂಗಾಲ ಒಂದು ಪ್ರತಿಶತ ಏರಿದರೆ ಗಿಡಕ್ಕೆ ಸಿಗುವ ನೀರು ಹೆಚ್ಚುವುದು ಸರಾಸರಿ 1.16 ಪ್ರತಿಶತ ಗಾತ್ರ ಮಾತ್ರ. ಅಂದರೆ 10 ಸೆಂ.ಮೀ. ಮಣ್ಣಿಗೆ ಹೆಚ್ಚುಕಡಿಮೆ ಒಂದು ಮಿ.ಮೀ. ಮಳೆಯಷ್ಟು. ಹಾಗಾದರೆ ಗೊಬ್ಬರ, ಹೊದಿಕೆ ಎಲ್ಲ ವ್ಯರ್ಥವೇ? ಅಲ್ಲ. ಅವುಗಳ ದೊಡ್ಡ ಲಾಭ ಹಿಡಿದಿಡುವುದರಲ್ಲಿ ಇಲ್ಲ, ಒಳಗೆ ಬಿಟ್ಟುಕೊಳ್ಳುವುದರಲ್ಲಿ ಇದೆ. ಲೋಟದಲ್ಲಿ ಕರಗದೆ ನಿಂತ ಹೆಂಟೆಯ ಕೆಲಸ ಅದು. ಸಂಶಯ ಇದ್ದವರು ತಳವಿಲ್ಲದ, 15 ಸೆಂ.ಮೀ. ಅಗಲದ ಡಬ್ಬವನ್ನು ನೆಲಕ್ಕೆ ಸ್ವಲ್ಪ ಬಡಿದು ಕೂರಿಸಿ 440 ಮಿ.ಲೀ. ನೀರು ಹುಯ್ಯಬಹುದು. ಅದು 25 ಮಿ.ಮೀ. ಮಳೆಗೆ ಸಮ. ಮರದಡಿಯಲ್ಲಿ, ಹುಲ್ಲಿನಲ್ಲಿ, ಗಾಡಿ ಓಡಾಡುವ ಜಾಡಿನಲ್ಲಿ ಒಂದೊಂದು ಸಲ ಹಾಕಿ ಗಡಿಯಾರ ನೋಡಿದರೆ ಮೂರೂ ಕಡೆ ಎಷ್ಟು ವ್ಯತ್ಯಾಸ ಎಂದು ತಾನೇ ಗೊತ್ತಾಗುತ್ತದೆ.

ಮಣ್ಣಿನ ಕೈಲಾಗದ ಮಳೆ

ವಲೆನ್ಸಿಯಾಕ್ಕೆ ವಾಪಸ್ ಬರೋಣ. 491 ಮಿ.ಮೀ. ಎಂಟು ಗಂಟೆಯಲ್ಲಿ ಅಂದರೆ ಗಂಟೆಗೆ ಸರಾಸರಿ 60 ಮಿ.ಮೀ.ಗೂ ಹೆಚ್ಚು. ಒಳ್ಳೆಯ ಕಾಡಿನ ಮಣ್ಣು ಈ ವೇಗದಲ್ಲೂ ನೀರು ಇಂಗಿಸಬಲ್ಲದು. ಆದರೆ ಎಲ್ಲಿಯವರೆಗೆ? ಒಂದು ಮೀಟರ್ ಮಣ್ಣಿನ ಸಂದುಗಳೆಲ್ಲ ಪೂರ್ತಿ ಖಾಲಿ ಇದ್ದರೂ ಹಿಡಿಯುವುದು 450ರಿಂದ 500 ಮಿ.ಮೀ. ಬೆಟ್ಟದ ಇಳಿಜಾರಿನಲ್ಲಿ ಒಂದು ಮೀಟರ್ ಮಣ್ಣೇ ಇರುವುದಿಲ್ಲ. ಹಾಗಾಗಿ ಅಂಥ ದಿನ ಎಂಥ ಮಣ್ಣಿದ್ದರೂ ನೆರೆ ಬರುತ್ತಿತ್ತು. ಮಣ್ಣು ಸರಿಯಾಗಿದ್ದರೆ ನೆರೆಯೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ಮಣ್ಣಿನಿಂದ ಲಾಭ ಇರುವುದು ವರ್ಷದಲ್ಲಿ ಹತ್ತಾರು ಸಲ ಬರುವ 20, 40, 60 ಮಿ.ಮೀ. ಮಳೆಗಳಲ್ಲಿ. ಬೆಳೆಯ ಹಣೆಬರಹ ಬರೆಯುವುದೂ ಬಾವಿಗಳನ್ನು ತುಂಬುವುದೂ ಆ ಮಳೆಗಳೇ.

ದೊಡ್ಡ ಮಳೆಗೆ ಬೇಕಾದದ್ದು ನೀರು ನಿಲ್ಲುವ ಜಾಗ. ಜೌಗು, ನದಿಯ ಇಕ್ಕೆಲದ ತಗ್ಗು ಬಯಲು, ಇವು ಇದ್ದದ್ದೇ ಅದಕ್ಕೆ. 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಜೌಗುಗಳ ರಕ್ಷಣೆಗೆ ಒಪ್ಪಂದವಾಯಿತು. ಅದೇ ಒಪ್ಪಂದದ 2018ರ ವರದಿ 1970ರಿಂದ 2015ರೊಳಗೆ ಜೌಗು ಪ್ರದೇಶಗಳಲ್ಲಿ ಸುಮಾರು 35 ಪ್ರತಿಶತ ಕಳೆದುಹೋಗಿವೆ ಎಂದಿತು. ನೆದರ್ಲೆಂಡ್ಸ್ ಬೇರೆ ದಾರಿ ಹಿಡಿಯಿತು. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಗಿ ಬಂದ ಮೇಲೆ, ಒಡ್ಡುಗಳನ್ನು ಇನ್ನಷ್ಟು ಎತ್ತರ ಮಾಡುವ ಬದಲು 30ಕ್ಕೂ ಹೆಚ್ಚು ಕಡೆ ಅವುಗಳನ್ನು ಹಿಂದಕ್ಕೆ ಸರಿಸಿ, ಪಕ್ಕದ ಬಯಲು ತಗ್ಗಿಸಿ ನದಿಗೆ ಜಾಗ ಬಿಟ್ಟರು. ಕೆಲವು ರೈತ ಕುಟುಂಬಗಳು ಮನೆಮಠ ಬಿಟ್ಟು ಹೋಗಬೇಕಾಯಿತು. ಇಂಗ್ಲೆಂಡಿನ ಡೆವನ್‌ನಲ್ಲಿ ಇದೇ ಕೆಲಸವನ್ನು ಚಿಕ್ಕ ತೊರೆಗಳಲ್ಲಿ ಬೀವರ್‌ಗಳು ಬಿಟ್ಟಿಯಾಗಿ ಮಾಡುತ್ತಿವೆ. ನೂರಾರು ವರ್ಷಗಳ ಹಿಂದೆ ಬೇಟೆಗೆ ಸಿಕ್ಕಿ ಅಳಿದುಹೋಗಿದ್ದ ಪ್ರಾಣಿ ಅದು. ಈಗ ಮರಳಿ ಬಂದು ಕಟ್ಟಿದ ಕಟ್ಟೆಗಳ ಕೆಳಗೆ ನೆರೆಯ ಉಬ್ಬರ ತಗ್ಗಿದ್ದನ್ನು ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ದಾಖಲಿಸಿದ್ದಾರೆ.

ಲೆಕ್ಕ ಇಡುವವರು ಯಾರು, ದುಡ್ಡು ಕೊಡುವವರು ಯಾರು?

ಮಳೆ ಅಳೆಯಲು ಮಾಪಕಗಳಿವೆ, ನದಿ ಅಳೆಯಲು ಕೇಂದ್ರಗಳಿವೆ. 2002ರಲ್ಲಿ ಹಾರಿಸಿದ ಗ್ರೇಸ್ ಉಪಗ್ರಹ ಜೋಡಿ ಗುರುತ್ವದ ಏರಿಳಿತ ನೋಡಿ ಅಂತರ್ಜಲ ಎಲ್ಲಿ ಬರಿದಾಗುತ್ತಿದೆ ಎಂದು ತೋರಿಸಿತು. ಮಣ್ಣಿನ ತೇವಕ್ಕೆ ಯುರೋಪಿನ ಸ್ಮಾಸ್ 2009ರಲ್ಲಿ, ನಾಸಾದ ಸ್ಮ್ಯಾಪ್ 2015ರಲ್ಲಿ ಹಾರಿದವು. ಅವು ನೇರವಾಗಿ ಕಾಣುವುದು ಮೇಲಿನ ಸುಮಾರು 5 ಸೆಂ.ಮೀ. ಮಾತ್ರ. ಬೇರು ಇರುವ ಆಳದ ಲೆಕ್ಕ ಇನ್ನೂ ಬಹುಪಾಲು ಅಂದಾಜು.

ಕಾನೂನಿನಲ್ಲೂ ಹಾಗೇ. ಯುರೋಪಿಯನ್ ಒಕ್ಕೂಟ ನೀರಿಗಾಗಿ ಸಮಗ್ರ ಕಾನೂನು ಮಾಡಿದ್ದು 2000ದಲ್ಲಿ. ಮಣ್ಣಿಗೂ ಒಂದು ಬೇಕೆಂದು 2006ರಲ್ಲಿ ಪ್ರಸ್ತಾವ ಬಂತು, ಕೆಲವು ದೇಶಗಳು ಒಪ್ಪದೆ 2014ರಲ್ಲಿ ಅದನ್ನು ವಾಪಸ್ ಪಡೆದರು. ಕೊನೆಗೆ 2025ರಲ್ಲಿ ಮಣ್ಣಿನ ಕಾನೂನು ಪಾಸಾಯಿತು. ಸದಸ್ಯ ದೇಶಗಳು ಮಣ್ಣಿನ ಆರೋಗ್ಯ ಅಳೆದು ವರದಿ ಕೊಡಬೇಕು ಎನ್ನುತ್ತದೆ ಅದು. ಜಮೀನಿನ ಮಾಲೀಕರ ಮೇಲೆ ಹೊಸ ಹೊಣೆ ಹೊರಿಸುವುದಿಲ್ಲ. ಹೊರಿಸಿದ್ದರೆ ಪಾಸಾಗುತ್ತಿರಲಿಲ್ಲ ಎನ್ನುವುದು ನನ್ನ ಅಂದಾಜು.

ಹೊಣೆಯ ಪ್ರಶ್ನೆ ಕಷ್ಟದ್ದೇ. ಮೇಲಿನ ಹೊಲದವನು ಬದು ಹಾಕಿ, ಹೊದಿಕೆ ಹೊದಿಸಿ, ಯಂತ್ರದ ಭಾರ ಇಳಿಸಿಕೊಂಡರೆ ಖರ್ಚು ಅವನದು. ನೆರೆ ತಗ್ಗಿದ ಲಾಭ ಕೆಳಗಿನ ಪಟ್ಟಣದ್ದು. ಕುಡಿಯುವ ನೀರಿನಲ್ಲಿ ಇದಕ್ಕೊಂದು ದಾರಿ ಸಿಕ್ಕಿದೆ. ನ್ಯೂಯಾರ್ಕ್ ನಗರ 1997ರ ಒಪ್ಪಂದದಂತೆ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾನಯನದಲ್ಲಿ ಜಮೀನು ಕೊಂಡು, ಮೇಲಿನ ರೈತರ ಸುಧಾರಣೆಗಳಿಗೆ ದುಡ್ಡು ಕೊಟ್ಟು, ಶತಕೋಟಿಗಟ್ಟಲೆ ಡಾಲರ್ ಬೀಳುತ್ತಿದ್ದ ಶುದ್ಧೀಕರಣ ಘಟಕವನ್ನು ತಪ್ಪಿಸಿಕೊಂಡಿತು. ನೀರು ತಿಳಿಯಾಗಿದೆಯೇ ಎಂದು ಅಲ್ಲಿ ದಿನವೂ ಅಳೆಯಬಹುದು, ಅದರಂತೆ ದುಡ್ಡು ಕೊಡಬಹುದು. ನೆರೆಯಲ್ಲಿ ಅಷ್ಟು ಸುಲಭ ಇಲ್ಲ. ಬಾರದೇ ಹೋದ ನೆರೆಯಲ್ಲಿ ಯಾವ ಹೊಲದ ಪಾಲು ಎಷ್ಟು ಎಂದು ತೋರಿಸಿ ಬಿಲ್ ಕಳಿಸುವ ವಿಧಾನ ಇನ್ನೂ ಯಾರ ಕೈಯಲ್ಲೂ ಇಲ್ಲ.